ಎಸ್‌ಕ್ಯೂಲೈಟ್ ಎಫ್‌ಟಿಎಸ್5: ಕನ್ನಡ ಹೆಸರು ಹುಡುಕಲು ಚಲೋ ಇದೆ, ಆದರೆ ಹಾಗೇ ಬಳಸಬೇಡಿ

ಧಾರವಾಡದಲ್ಲಿ ನಾವೊಂದಿಷ್ಟು ಜನ ಹಳೆ ಧ್ವನಿಮುದ್ರಿಕೆ, ಕ್ಯಾಸೆಟ್ ಕೂಡಿಸಿ ಇಟ್ಟಿದ್ದೇವೆ. ಅದರ ಕ್ಯಾಟಲಾಗ್ ಪೂರ್ತಿ ಎಸ್‌ಕ್ಯೂಲೈಟ್ ಅನ್ನೋ ಡೇಟಾಬೇಸ್‌ನಲ್ಲಿದೆ, ಹುಡುಕಾಟಕ್ಕೆ ಅದರದ್ದೇ ಪದ ಹುಡುಕುವ ಸೌಲಭ್ಯವಾದ ಎಫ್‌ಟಿಎಸ್5 ಬಳಸುತ್ತಾ ಕೆಲವು ವರ್ಷಗಳಾದವು. ದುಡ್ಡು ಕೊಡಬೇಕಿಲ್ಲ, ಸರ್ವರ್ ಬೇಡ, ಎಲ್ಲಾ ಒಂದೇ ಫೈಲ್. ವೇಗದ ಬಗ್ಗೆ ದೂರಿಲ್ಲ. ಹೇಳಬೇಕಾದ್ದು ಇರೋದು ಹೆಸರಿನ ವಿಷಯದಲ್ಲಿ.

ಮೊದಲು ಲಿಪಿ. ಇದರ ಡೀಫಾಲ್ಟ್ ಟೋಕನೈಸರ್, ಅಂದರೆ ಬರಹವನ್ನು ಪದಗಳಾಗಿ ಬಿಡಿಸುವ ಭಾಗ, ಯೂನಿಕೋಡ್61. ಅದು ಅಕ್ಷರ, ಅಂಕಿಗಳನ್ನಷ್ಟೇ ಪದದ ಭಾಗ ಅಂತ ಹಿಡಿಯುತ್ತದೆ. ನಮ್ಮ ಕೊಂಬು, ಇಳಿ, ಏತ್ವ ಎಲ್ಲಾ ಯೂನಿಕೋಡ್‌ನಲ್ಲಿ (ಕಂಪ್ಯೂಟರ್‌ಗಳ ಅಕ್ಷರ ಪಟ್ಟಿ) ಅಕ್ಷರದ ಗುಂಪಿಗಲ್ಲ, ಮಾರ್ಕ್ ಅನ್ನೋ ಬೇರೆ ಗುಂಪಿಗೆ ಸೇರಿದವು, ಹಾಗಾಗಿ ಅವು ಬಂದಲ್ಲೆಲ್ಲ ಪದ ತುಂಡಾಗುತ್ತದೆ. ‘ಗೌರಿ’ ಅಂದರೆ ಅದಕ್ಕೆ ಗ, ರ ಅಷ್ಟೇ. ಗೌರಿ ರಾಗ ಕೇಳಿದರೆ ಗಾರಾ ರಾಗವೂ ಬರುತ್ತದೆ. ಬೇಕಾದದ್ದೂ ಜೊತೆಗೆ ಬರೋದರಿಂದ ಎಲ್ಲಾ ಸರಿಯಿದೆ ಅನ್ನಿಸಿಬಿಡುತ್ತದೆ, ಅದೇ ಅಪಾಯ. ಟೇಬಲ್ ಮಾಡುವಾಗಲೇ ‘ಕೆಟಗರೀಸ್’ ಆಯ್ಕೆಯಲ್ಲಿ ಮಾರ್ಕ್ ಗುಂಪನ್ನೂ ಸೇರಿಸಿ. ಆಮೇಲೆ ಸೇರಿಸಬೇಕೆಂದರೆ ಟೇಬಲನ್ನೇ ಮತ್ತೆ ಕಟ್ಟಬೇಕು.

ಇನ್ನು ಹೆಸರಿನ ಕ್ರಮ. ನಮ್ಮ ಕಡೆ ಸ್ವಂತ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಅಂತ ಬರೆಯುವವರಿದ್ದಾರೆ, ಅಡ್ಡಹೆಸರನ್ನೇ ಮೊದಲು ಬರೆಯುವವರೂ ಇದ್ದಾರೆ. ಉದ್ಧರಣ ಚಿಹ್ನೆಯೊಳಗೆ ‘ಭೀಮಸೇನ ಜೋಶಿ’ ಅಂತ ಹಾಕಿದರೆ ಅದೇ ಕ್ರಮದಲ್ಲಿ ಇದ್ದದ್ದು ಮಾತ್ರ ಸಿಗುತ್ತದೆ, ‘ಜೋಶಿ ಭೀಮಸೇನ’ ಸಿಗಲ್ಲ. ಚಿಹ್ನೆ ತೆಗೆದು ಸುಮ್ನೆ ಎರಡು ಪದ ಕೊಟ್ಟರೆ ಎರಡೂ ಇರುವ ಸಾಲುಗಳೆಲ್ಲ ಬರುತ್ತವೆ, ಒಂದು ಗಾಯಕರ ಕಾಲಂನಲ್ಲಿ, ಇನ್ನೊಂದು ರಾಗದ ಕಾಲಂನಲ್ಲಿ ಇದ್ದರೂ ಸರಿ. ‘ಜೋಶಿ ತೋಡಿ’ ಅಂತ ಕೇಳೋಕೆ ಇದು ಬಹಳ ಚೆನ್ನ. ಹೆಸರಿಗೆ ಮಾತ್ರ ಸಾಲದು. ಮಲ್ಲಿಕಾರ್ಜುನ ಮನ್ಸೂರರ ಅಣ್ಣ ಬಸವರಾಜ ಮನ್ಸೂರ ನಾಟಕದವರು. ಅವರನ್ನು ಹುಡುಕಿದರೆ ಬಸವರಾಜ ರಾಜಗುರು ಮತ್ತು ಮಲ್ಲಿಕಾರ್ಜುನ ಮನ್ಸೂರ ಇಬ್ಬರದೂ ಇರುವ ಕ್ಯಾಸೆಟ್ ಬಂದು ಕೂರುತ್ತದೆ.

ಇದಕ್ಕೆ ಹತ್ತಿರ ಹತ್ತಿರ ಇರುವ ಪದಗಳನ್ನಷ್ಟೇ ಹುಡುಕುವ ‘ನಿಯರ್’ ಇದೆ, ಅದಕ್ಕೆ ಕ್ರಮದ ಹಂಗಿಲ್ಲ. ಅಂತರ 1 ಅಂತ ಕೊಟ್ಟರೆ ನಡುವೆ ಒಂದೇ ಪದಕ್ಕೆ ಜಾಗ, ಅಂದರೆ ಅಪ್ಪನ ಹೆಸರಿಗೆ ಸರಿಯಾಗಿ ಸಾಕು. ಏನೂ ಹೇಳದಿದ್ದರೆ ಅಂತರ 10, ಅದು ಹೆಸರಿಗೆ ತೀರಾ ಜಾಸ್ತಿ. ಆದರೂ ‘ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು’ ಅಂತ ಒಂದೇ ಕಾಲಂನಲ್ಲಿದ್ದರೆ ಅಲ್ಪವಿರಾಮ ಇಂಡೆಕ್ಸ್‌ಗೆ (ಹುಡುಕಲು ಮಾಡಿಟ್ಟ ಪದಗಳ ಪಟ್ಟಿ) ಹೋಗೋದೇ ಇಲ್ಲ, ಮನ್ಸೂರ ಮತ್ತು ಬಸವರಾಜ ಪಕ್ಕಪಕ್ಕ ನಿಂತುಬಿಡುತ್ತವೆ. ಇದಕ್ಕೆ ಯಾವ ಕ್ವೆರಿಯೂ ಮದ್ದಲ್ಲ. ಒಬ್ಬ ಕಲಾವಿದರಿಗೆ ಒಂದು ಸಾಲು ಅಂತ ಹೆಸರಿನ ಟೇಬಲ್ಲೇ ಬೇರೆ ಮಾಡಿ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಅತಿ ಮುಖ್ಯವಾದ ಕೆಲಸ ಇದೇ. ಕುಮಾರ ಗಂಧರ್ವರ ಮೂಲ ಹೆಸರು ಶಿವಪುತ್ರ ಕೋಮಕಲಿಮಠ ಅಲ್ವಾ, ಅಂಥವನ್ನೂ ಅದೇ ಟೇಬಲ್‌ನಲ್ಲಿ ಇನ್ನೊಂದು ಸಾಲಾಗಿ ಇಡಬಹುದು.

ವಿಭಕ್ತಿ ಇದಕ್ಕೆ ತಿಳಿಯಲ್ಲ, ಪದದ ಕೊನೆ ಕತ್ತರಿಸಿ ಮೂಲ ರೂಪ ಹಿಡಿಯಲು ಜೊತೆಗೆ ಬರುವ ಪೋರ್ಟರ್ ಇಂಗ್ಲಿಷ್‌ಗೆ ಮಾತ್ರ. ‘ಮನ್ಸೂರ’ ಕೊನೆಗೆ ನಕ್ಷತ್ರ ಚಿಹ್ನೆ (*) ಹಾಕಿದರೆ ಮನ್ಸೂರರ, ಮನ್ಸೂರರಿಗೆ ಎಲ್ಲಾ ಬರುತ್ತವೆ. ‘ಮನಸೂರ’ ಅಂತ ಬರೆದದ್ದು ಮಾತ್ರ ಬರಲ್ಲ, ಅದನ್ನು ಕೈಯಾರೆ ಸೇರಿಸಬೇಕು. ‘ಭೀಮ್‌ಸೇನ’ ಅಂತ ಟೈಪ್ ಮಾಡುವಾಗ ನಡುವೆ ಕಾಣದ ಜೋಡಣೆ ತಡೆಯುವ ಚಿಹ್ನೆ ಸೇರಿರುತ್ತದೆ, ಅದೂ ಪದವನ್ನು ಎರಡು ಮಾಡುತ್ತದೆ. ಇಂಡೆಕ್ಸ್‌ಗೆ ಹಾಕುವ ಮೊದಲೂ, ಕ್ವೆರಿ ಕಳಿಸುವ ಮೊದಲೂ ಅದನ್ನು ತೆಗೆದುಹಾಕಿ.