ಜುನಿಪರ್ ಬೋನ್ಸಾಯ್‌ಗೆ ಕತ್ತರಿ ಹಾಕುವ ಮುಂಚೆ

ಮಾವ ಸುಮಾರು 20 ವರ್ಷ ಸಾಕಿದ್ದ ಜುನಿಪರ್ ಬೋನ್ಸಾಯನ್ನು ನಾನು ಒಂದೇ ಮಧ್ಯಾಹ್ನದಲ್ಲಿ ಕೊಂದೆ. ಜುನಿಪರ್ ಅಂದರೆ ಸೂಚಿಪರ್ಣಿ ಜಾತಿಯ ನಿತ್ಯಹಸಿರು ಗಿಡ, ಬೋನ್ಸಾಯ್ ಅಂದರೆ ಕುಂಡದಲ್ಲೇ ಕುಳ್ಳಗೆ ಬೆಳೆಸಿದ ಮರ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಕುಂಡ ಮೂಲೆ ಸೇರಿದ್ದರೆ ದಯವಿಟ್ಟು ಇದನ್ನು ಓದಿ.

ಮಾವ ಹೋದ ಮೇಲೆ ಆ ಗಿಡ ನಮ್ಮ ಬೆಂಗಳೂರಿನ ಮನೆ ತಾರಸಿಯಲ್ಲಿ ಎರಡು ವರ್ಷ ಹಾಗೇ ಬಿದ್ದಿತ್ತು. ಬಟ್ಟೆ ಒಣಹಾಕಲು ಹೋದಾಗ ಅತ್ತೆ ಒಂದು ಚೊಂಬು ನೀರು ಹಾಕಿ ಬರುತ್ತಿದ್ದರು, ಅದಕ್ಕೇ ಜೀವ ಹಿಡಿದಿತ್ತು. ರೆಂಬೆಗಳು ಅಡ್ಡಾದಿಡ್ಡಿ. ಒಳಗೆಲ್ಲ ಬೋಳು, ತುದಿಯಲ್ಲಿ ಮಾತ್ರ ಹಸಿರು. ರೆಂಬೆಗೆ ಆಕಾರ ಕೊಡಲು ಮಾವ ಸುತ್ತಿದ್ದ ತಂತಿ ತೊಗಟೆಯೊಳಗೆ ಹೂತುಹೋಗಿತ್ತು.

ನನಗೆ ಇಲ್ಲದ ಧೈರ್ಯ ತಂದಿದ್ದು ಒಂದು ಫೈಕಸ್. ಹಿಂದಿನ ವರ್ಷ ಅದನ್ನು ಪೂರ್ತಿ ಬೋಳಿಸಿದ್ದೆ. ಕತ್ತರಿಸಿದಲ್ಲೆಲ್ಲ ಬಿಳಿ ಹಾಲು ಸುರಿಸಿ ಸುಮ್ಮನಾಯಿತು, ಮಳೆ ಶುರುವಾದ ಮೇಲೆ ಕಾಂಡದ ತುಂಬ ಚಿಗುರು! ಆಲ, ಅರಳಿ, ಅತ್ತಿಯ ಬಳಗ ಅಲ್ವಾ, ಗೋಡೆ ಬಿರುಕಿನಲ್ಲೂ ಬದುಕುವ ಜಾತಿ. ನಾನು ಮಾತ್ರ ಅದು ನನ್ನ ಕೈಗುಣ ಅಂದುಕೊಂಡೆ.

ನರ್ಸರಿಯಲ್ಲಿ ಕೇಳಿದ್ದಕ್ಕೆ "ಕಟ್ ಮಾಡಿ ಮೇಡಂ, ಬರತ್ತೆ" ಅಂದರು. ಯಾವ ಗಿಡ ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಏಪ್ರಿಲ್ ತಿಂಗಳು, ಉರಿಬಿಸಿಲು. ಎರಡು ರೆಂಬೆಯ ತುದಿ ಬಿಟ್ಟು ಉಳಿದದ್ದನ್ನೆಲ್ಲ ಬೋಳು ಕಟ್ಟಿಗೆಯವರೆಗೆ ಕತ್ತರಿಸಿದೆ. ತಂತಿಯನ್ನು ಎಳೆದು ಬಿಚ್ಚುವಾಗ ತೊಗಟೆಯೂ ಕಿತ್ತು ಬಂತು. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ? ಕುಂಡದಿಂದ ಗಿಡ ತೆಗೆದು, ಪೈಪಿನ ನೀರಿನಲ್ಲಿ ಬೇರು ಪೂರ್ತಿ ತೊಳೆದು, ಅರ್ಧ ಬೇರು ಕತ್ತರಿಸಿ, ಹೊಸ ಮಣ್ಣು ತುಂಬಿ ಮತ್ತೆ ಬಿಸಿಲಿಗೇ ಇಟ್ಟೆ.

ಮೋಸ ಹೋಗಿದ್ದು ಇಲ್ಲಿ. ಬೇರು ಸತ್ತರೂ ಜುನಿಪರ್ ಎಲೆ ವಾರಗಟ್ಟಲೆ ಹಸಿರಾಗಿಯೇ ಇರುತ್ತದೆ. ಆರು ವಾರ ನಾನು ಖುಷಿಯಾಗಿದ್ದೆ, ಮನೆಯವರ ಗ್ರೂಪಿಗೆ ಫೋಟೋ ಕೂಡ ಹಾಕಿದೆ. ಒಂದು ದಿನ ಮುಟ್ಟಿದರೆ ಎಲೆ ಪುಡಿಪುಡಿ. ಉಗುರಿನಿಂದ ತೊಗಟೆ ಕೆರೆದು ನೋಡಿದೆ. ಒಳಗೆ ಹಸಿರಿಲ್ಲ, ಒಣ ಕಂದು.

ಆಮೇಲೆ ತಿಳಿದದ್ದು: ಹಸಿರಿಲ್ಲದ ಹಳೇ ಕಟ್ಟಿಗೆಯಿಂದ ಜುನಿಪರ್ ಸಾಮಾನ್ಯವಾಗಿ ಚಿಗುರುವುದೇ ಇಲ್ಲ. ಹಸಿರು ಪೂರ್ತಿ ತೆಗೆದರೆ ಆ ರೆಂಬೆ ಹೋದ ಹಾಗೇ. ಉಳಿಸಿಕೊಳ್ಳಬೇಕಾದ ಪ್ರತಿ ರೆಂಬೆಯಲ್ಲೂ ಸ್ವಲ್ಪ ಹಸಿರು ಬಿಡಲೇಬೇಕು. ಸೊರಗಿದ ಗಿಡಕ್ಕೆ ಮೊದಲು ಕತ್ತರಿ ಬೇಡ. ಬೆಳಕು, ಹದವಾದ ನೀರು ಕೊಟ್ಟು ಹೊಸ ಬೆಳವಣಿಗೆ ಕಾಣುವವರೆಗೆ ಕಾಯಿರಿ. ಮಣ್ಣು ಗಟ್ಟಿಯಾಗಿ ನೀರು ಅಂಚಿನಿಂದ ಹರಿದುಹೋಗುತ್ತಿದ್ದರೆ ಕುಂಡವನ್ನೇ ಸ್ವಲ್ಪ ಹೊತ್ತು ಬಕೆಟ್ ನೀರಿನಲ್ಲಿ ಅದ್ದಿಡಿ. ಒಣಗಿ ಸತ್ತ ಕಡ್ಡಿಗಳನ್ನು ಯಾವಾಗ ತೆಗೆದರೂ ತೊಂದರೆಯಿಲ್ಲ. ತಂತಿಯನ್ನು ಸುತ್ತು ಸುತ್ತಾಗಿ ಕಟರ್‌ನಿಂದ ತುಂಡರಿಸಿ ತೆಗೆಯಿರಿ. ರೆಂಬೆ ಈ ವರ್ಷ ಕತ್ತರಿಸಿದರೆ ಬೇರಿನ ಕೆಲಸ ಮುಂದಿನ ವರ್ಷ. ಆಗಲೂ ಹಳೇ ಮಣ್ಣನ್ನು ಪೂರ್ತಿ ತೊಳೆಯಬೇಡಿ, ಕುಂಡ ಬದಲಿಸಿದ ಮೇಲೆ ಕೆಲವು ವಾರ ನೆರಳಿನಲ್ಲಿಡಿ.

ಅತ್ತೆ ಬೈಯಲಿಲ್ಲ. ಆದರೆ ಈಗ ನಾನು ಕತ್ತರಿ ಹಿಡಿದು ತಾರಸಿ ಮೆಟ್ಟಿಲು ಹತ್ತಿದರೆ ಸಾಕು, ಅಡುಗೆಮನೆಯಿಂದಲೇ "ಯಾವುದಕ್ಕಮ್ಮಾ?" ಅಂತಾರೆ.