ಟಮಿಯಾ 1/35 ವಿಲ್ಲೀಸ್ ಜೀಪ್ ಕಿಟ್: ತೀರ್ಥಹಳ್ಳಿಯ ಮಳೆಯಲ್ಲಿ ಕಟ್ಟಿ ನೋಡಿದ ಮೇಲೆ

ನಮ್ಮ ಕಡೆ ಅಡಿಕೆ ಮೂಟೆ ಮಂಡಿಗೆ ಹೋದದ್ದು, ಹೆರಿಗೆ ನೋವು ಬಂದವರು ಆಸ್ಪತ್ರೆ ಸೇರಿದ್ದು, ಮದುವೆಯ ದಿಬ್ಬಣ ಘಟ್ಟ ಇಳಿದದ್ದು ಎಲ್ಲವೂ ಬಹುಕಾಲ ಜೀಪಿನಲ್ಲಿಯೇ. ಹೀಗಿದ್ದೂ ಹದಿನಾರು ವರ್ಷಗಳಿಂದ ಸ್ಕೇಲ್ ಮಾಡೆಲ್ ಕಾರುಗಳನ್ನು ಕೂಡಿಸುತ್ತ, ಕಟ್ಟುತ್ತ ಬಂದಿರುವ ನನ್ನ ಗಾಜಿನ ಕಪಾಟಿನಲ್ಲಿ ಅಂಬಾಸಡರ್ ಇತ್ತು, ಫಿಯೆಟ್ ಇತ್ತು, ಫೋಕ್ಸ್‌ವ್ಯಾಗನ್ ಬೀಟಲ್ ಇತ್ತು; ಜೀಪು ಮಾತ್ರ ಇರಲಿಲ್ಲ. ಆ ಕೊರತೆಯನ್ನು ತುಂಬಲೆಂದು ಕಳೆದ ವರ್ಷ ಜಪಾನಿನ ಟಮಿಯಾ ಕಂಪನಿಯ ಕಿಟ್, ಅಂದರೆ ಬಿಡಿಭಾಗಗಳನ್ನು ಜೋಡಿಸಿ ಕಟ್ಟುವ ಪ್ಲಾಸ್ಟಿಕ್ ಮಾದರಿ, ತರಿಸಿದೆ. ಅದು ಎರಡನೆಯ ಮಹಾಯುದ್ಧದ ಸೇನಾ ಜೀಪಾದ ವಿಲ್ಲೀಸ್ ಎಂಬಿಯದು, 1/35 ಅಳತೆಯದು. ಮುಂಗಾರಿನಲ್ಲಿ ಆರಂಭಿಸಿ ಮಾಗಿಯಲ್ಲಿ ಮುಗಿಸಿದೆ. ಮಲೆನಾಡಿನಲ್ಲಿ ಕುಳಿತು ಈ ಹವ್ಯಾಸಕ್ಕೆ ಕೈಹಾಕಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಕಿಟ್ಟನ್ನು ನಾನು ಇದುವರೆಗೆ ಕಂಡಿಲ್ಲ. ಹಾಗೇಕೆ ಹೇಳುತ್ತೇನೆ ಎಂಬುದನ್ನು ವಿವರವಾಗಿಯೇ ಬರೆಯುತ್ತೇನೆ.

ಮೊದಲು ಅಳತೆಯ ವಿಚಾರ. ಕಾರು ಕಟ್ಟುವವರು ಸಾಮಾನ್ಯವಾಗಿ 1/24 ಅಳತೆಯನ್ನು ಹಿಡಿಯುತ್ತಾರೆ. ಅಂದರೆ ನಿಜವಾದ ಗಾಡಿಯ ಎರಡು ಅಡಿ ಮಾದರಿಯಲ್ಲಿ ಒಂದು ಇಂಚಾಗುತ್ತದೆ. 1/35 ಎಂಬುದು ಸೇನಾ ವಾಹನಗಳ ಅಳತೆ. ಟಮಿಯಾದವರು 1960ರ ದಶಕದ ಆರಂಭದಲ್ಲಿ ಪ್ಯಾಂಥರ್ ಟ್ಯಾಂಕಿನ ಮಾದರಿಯನ್ನು ತಯಾರಿಸುವಾಗ ಒಳಗೆ ಮೋಟಾರು ಮತ್ತು ಬ್ಯಾಟರಿ ಹಿಡಿಸುವಷ್ಟು ಜಾಗ ಬೇಕಾಗಿದ್ದುದರಿಂದ ಟ್ಯಾಂಕಿನ ಗಾತ್ರವನ್ನು ಅದಕ್ಕೆ ಹೊಂದಿಸಿದರು, ಲೆಕ್ಕ ಹಾಕಿದಾಗ ಅದು ಸುಮಾರು 1/35 ಆಯಿತು, ಮುಂದೆ ಲೋಕವೆಲ್ಲ ಅದನ್ನೇ ಅನುಸರಿಸಿತು. ನಿಜವಾದ ವಿಲ್ಲೀಸ್ ಎಂಬಿಯ ಉದ್ದ ಸುಮಾರು 3.36 ಮೀಟರ್; ಈ ಮಾದರಿಯದು 9.6 ಸೆಂಟಿಮೀಟರ್. ಅಂಗೈ ಮೇಲೆ ಇಟ್ಟುಕೊಂಡರೆ ಬೆರಳುಗಳ ತುದಿ ಹೊರಗೆ ಕಾಣುತ್ತದೆ. 1/24 ಅಳತೆಯ ಕಾರುಗಳ ಸಾಲಿನಲ್ಲಿ ಇದನ್ನು ನಿಲ್ಲಿಸಿದರೆ ಅಳತೆ ಹೊಂದುವುದಿಲ್ಲವಾದ್ದರಿಂದ ನಾನು ಇದಕ್ಕೆ ಕಪಾಟಿನಲ್ಲಿ ಬೇರೆಯದೇ ಹಲಗೆ ಮಾಡಿಕೊಟ್ಟಿದ್ದೇನೆ. ಎಲ್ಲವೂ ಒಂದೇ ಅಳತೆಯಲ್ಲಿರಬೇಕೆಂದು ಹಟ ಹಿಡಿಯುವ ಸಂಗ್ರಾಹಕರು ಇದನ್ನು ಮೊದಲೇ ಗಮನಿಸಬೇಕು.

ಪೆಟ್ಟಿಗೆ ತೆರೆದರೆ ಕಡು ಹಸಿರು ಪ್ಲಾಸ್ಟಿಕ್ಕಿನ ಚೌಕಟ್ಟುಗಳಲ್ಲಿ ಬಿಡಿಭಾಗಗಳು ಸಂಖ್ಯೆಸಹಿತ ಕುಳಿತಿರುತ್ತವೆ. ಶಾಸಿ, ಪಟ್ಟಿ ಸ್ಪ್ರಿಂಗುಗಳು, ಎರಡೂ ಆಕ್ಸಲ್ಲು, ಸೀಟುಗಳು, ಸ್ಟೇರಿಂಗ್, ಗಾಜಿನ ಚೌಕಟ್ಟು, ಹಿಂಬದಿಯ ಸ್ಟೆಪ್ನಿ, ಡೀಸೆಲ್ ಡಬ್ಬಿಯೆಂದು ನಾವು ಕರೆಯುವ ಇಂಧನದ ಕ್ಯಾನು, ಸೈನಿಕ ಚಾಲಕನ ಒಂದು ಗೊಂಬೆ, ನೀರಿನಲ್ಲಿ ನೆನೆಸಿ ಅಂಟಿಸುವ ಚಿಹ್ನೆಗಳ ಡೆಕಾಲ್ ಹಾಳೆ ಎಲ್ಲವೂ ಅದರಲ್ಲಿವೆ. ಸೂಚನಾ ಪತ್ರ ಚಿತ್ರಗಳಲ್ಲಿಯೇ ಮಾತಾಡುವುದರಿಂದ ಭಾಷೆಯ ತೊಡಕಿಲ್ಲ.

ಈ ಕಿಟ್ಟಿನ ನಿಜವಾದ ಬೆಲೆ ತಿಳಿಯುವುದು ಶಾಸಿ ಜೋಡಿಸುವಾಗ. ಭಾಗವನ್ನು ಚೌಕಟ್ಟಿನಿಂದ ನಿಪ್ಪರು ಎಂಬ ಕತ್ತರಿಸುವ ಇಕ್ಕಳದಲ್ಲಿ ತುಸು ದೂರದಲ್ಲಿಯೇ ಕತ್ತರಿಸಿ, ಉಳಿದ ಮೊಟಕನ್ನು ಬ್ಲೇಡಿನಿಂದ ತೆಗೆದು, 600 ನಂಬರಿನ ಪಾಲಿಶ್ ಪೇಪರಿನಲ್ಲಿ ಎರಡು ಸಲ ಉಜ್ಜಿದರೆ ಸಾಕು. ಸ್ಪ್ರಿಂಗಿನ ತುದಿಯನ್ನು ಶಾಸಿಯ ಕುಳಿಗೆ ಹಿಡಿದಾಗ ಅದು ತನ್ನಷ್ಟಕ್ಕೇ ಒಳಸರಿದು ಕುಳಿತುಕೊಳ್ಳುತ್ತದೆ. ಅಲ್ಲಾಡುವುದಿಲ್ಲ, ಬಿಗಿಯುವುದೂ ಇಲ್ಲ. ಆಮೇಲೆ ತೆಳು ಸಿಮೆಂಟನ್ನು ಕುಂಚದ ತುದಿಯಲ್ಲಿ ಮುಟ್ಟಿಸಿದರೆ ಅದು ಸಂದಿನುದ್ದಕ್ಕೂ ತಾನಾಗಿ ಓಡುತ್ತದೆ. ಈ ಸಿಮೆಂಟು ಫೆವಿಕಾಲಿನ ಹಾಗೆ ಮೇಲೆ ಒಣಗಿ ಹಿಡಿಯುವ ಅಂಟಲ್ಲ. ಎರಡೂ ಕಡೆಯ ಪ್ಲಾಸ್ಟಿಕ್ಕನ್ನು ಕೊಂಚ ಕರಗಿಸಿ ಒಂದಾಗಿಸುವ ದ್ರಾವಣ, ಬೆಸುಗೆಯೆಂದರೂ ತಪ್ಪಿಲ್ಲ. ಆದ್ದರಿಂದ ಭಾಗಗಳು ಎಷ್ಟು ಕರಾರುವಾಕ್ಕಾಗಿ ಕೂಡುತ್ತವೆಯೋ ಅಷ್ಟು ಸಂದು ತುಂಬುವ ಪುಟ್ಟಿಯ ಕೆಲಸ ಕಡಿಮೆಯಾಗುತ್ತದೆ. ಇಡೀ ಜೀಪಿನಲ್ಲಿ ನಾನು ಪುಟ್ಟಿ ಮುಟ್ಟಿದ್ದು ಗೊಂಬೆಯ ತೋಳಿನ ಸಂದಿಗೆ ಮಾತ್ರ, ಅದೂ ಕೊನೆಗೆ ಬೇಡವೆನಿಸಿ ಗೊಂಬೆಯನ್ನೇ ಕೂರಿಸಲಿಲ್ಲ.

ಮುಖದ ಜಾಲರಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಮೂವತ್ತು ವರ್ಷ ಮಹೀಂದ್ರ ಜೀಪು ಓಡಿಸಿದ ನಮ್ಮ ದೊಡ್ಡಪ್ಪನ ಕೈಗೆ ಅರ್ಧ ಕಟ್ಟಿದ ಮಾದರಿಯನ್ನು ಕೊಟ್ಟೆ. ಕನ್ನಡಕ ಏರಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಉಗುರಿನ ತುದಿಯಲ್ಲಿ ಜಾಲರಿಯನ್ನು ಎಣಿಸಿದರು. "ನಮ್ಮ ಜೀಪಿಗೆ ಇದ್ದದ್ದು ಏಳೇ ಸೀಳು ಮಾರಾಯ, ಇದಕ್ಕೇನು ಒಂಬತ್ತಿದೆ? ಬಾನೆಟ್ಟೂ ತಗ್ಗಾಯಿತಲ್ಲ" ಎಂದರು. ಅವರ ಎಣಿಕೆಯೂ ಸರಿ, ಟಮಿಯಾದವರ ಅಚ್ಚೂ ಸರಿ. ಎರಡನೆಯ ಮಹಾಯುದ್ಧದ ಸೇನಾ ಜೀಪಿನ ತಗಡು ಜಾಲರಿಗೆ ಒಂಬತ್ತು ಸೀಳು. ಯುದ್ಧ ಮುಗಿಯುತ್ತಿದ್ದಂತೆ 1945ರಲ್ಲಿ ರೈತರಿಗೂ ಸಾಮಾನ್ಯರಿಗೂ ಎಂದು ವಿಲ್ಲೀಸ್ ಕಂಪನಿ ತಂದ ಸಿಜೆ-2ಎ ಜೀಪಿನಲ್ಲಿ ಹೆಡ್‌ಲೈಟುಗಳನ್ನು ದೊಡ್ಡದು ಮಾಡಿದ್ದರಿಂದ ಸೀಳುಗಳು ಏಳಕ್ಕೆ ಇಳಿದವು. 1953ರಲ್ಲಿ ಬಂದ ಸಿಜೆ-3ಬಿ ಮಾದರಿಯಲ್ಲಿ ಎತ್ತರದ ಎಂಜಿನ್ನನ್ನು ಹಿಡಿಸಲು ಬಾನೆಟ್ಟನ್ನೇ ಏರಿಸಿದರು. ಮಹೀಂದ್ರದವರು ಪರವಾನಗಿ ಪಡೆದು ಇಲ್ಲಿ ತಯಾರಿಸಿದ್ದು, ನಮ್ಮ ಘಟ್ಟದ ದಾರಿಗಳಲ್ಲಿ ದಶಕಗಳ ಕಾಲ ಓಡಿದ್ದು ಆ ಎತ್ತರದ ಮೂಗಿನ ಜೀಪೇ. ಆದ್ದರಿಂದ ಈ ಕಿಟ್ಟಿನಿಂದ ನಮ್ಮ ಊರಿನ ಜೀಪು ಯಥಾವತ್ತಾಗಿ ಬರುತ್ತದೆಂದು ಯಾರೂ ನಂಬಬಾರದು. ಇದು ಅದರ ಅಜ್ಜ. ಸ್ಟೇರಿಂಗ್ ಕೂಡ ಎಡಬದಿಯಲ್ಲಿದೆ, ಎಡಗಡೆಯ ಹೊರಮೈಗೆ ಸಲಿಕೆ ಮತ್ತು ಕೊಡಲಿಯನ್ನು ಕಟ್ಟುವ ಜಾಗವಿದೆ.

ಈಗ ಮಳೆಯ ವಿಚಾರ, ಏಕೆಂದರೆ ಪಟ್ಟಣದ ಒಣ ಹವೆಯಲ್ಲಿ ಕುಳಿತು ಬರೆದ ಸಲಹೆಗಳು ನಮ್ಮಲ್ಲಿ ಅರ್ಧಕ್ಕರ್ಧ ನಡೆಯುವುದಿಲ್ಲ. ನಮ್ಮ ಮನೆಯಿಂದ ಆಗುಂಬೆ ದೂರವಿಲ್ಲ. ಅಲ್ಲಿ ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಪುನರ್ವಸು ಮಳೆ ಹಿಡಿದಿದ್ದಾಗ ಒಂದು ಮಧ್ಯಾಹ್ನ ಕೊಂಚ ಹೊಳವಾಯಿತೆಂದು ಆತುರಪಟ್ಟು ಜೀಪಿನ ಹೊರಮೈಗೆ ಲ್ಯಾಕರ್ ಎಂಬ ಬೇಗ ಒಣಗುವ ಬಣ್ಣದ ಸ್ಪ್ರೇ ಹೊಡೆದೆ. ಹತ್ತು ನಿಮಿಷದಲ್ಲಿ ಹಸಿರು ಬಣ್ಣದ ಮೇಲೆ ಮಜ್ಜಿಗೆ ಚೆಲ್ಲಿದಂತೆ ಬಿಳಿ ಮಂಜು ಹರಡಿತು. ಲ್ಯಾಕರಿನ ದ್ರಾವಣ ಬೇಗ ಆವಿಯಾಗುವಾಗ ಮೈಯನ್ನು ತಣ್ಣಗಾಗಿಸುತ್ತದೆ, ಆ ತಂಪಿಗೆ ಗಾಳಿಯ ತೇವ ಹನಿಗಟ್ಟಿ ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ, ಅದೇ ಈ ಬಿಳುಪಿಗೆ ಕಾರಣ. ತಪ್ಪು ಬಣ್ಣದ್ದಲ್ಲ, ಹೊತ್ತಿನದ್ದು. ಒಣ ದಿನಕ್ಕಾಗಿ ಕಾದು, ತಿಳಿಯಾದ ಥಿನ್ನರನ್ನು ಹನಿಯಂತೆ ಮೇಲೆ ಸಿಂಪಡಿಸಿದ ಮೇಲೆ ಬಹುಪಾಲು ಬಿಳುಪು ಹೋಯಿತು. ಹಿಂಬದಿಯ ಮೂಲೆಯಲ್ಲಿ ಉಳಿದದ್ದನ್ನು ಉಜ್ಜಿ ಮತ್ತೆ ಬಣ್ಣ ಕೊಟ್ಟೆ. ಇದಾದ ಬಳಿಕ ನಾನು ನಿಯಮವನ್ನೇ ಬದಲಿಸಿದೆ: ಮಳೆಗಾಲದಲ್ಲಿ ಕತ್ತರಿಸುವುದು, ಉಜ್ಜುವುದು, ಅಂಟಿಸುವುದು ಮಾತ್ರ, ಬಣ್ಣ ದೀಪಾವಳಿ ಕಳೆದ ಮೇಲೆ, ಬೆಳಗಿನ ಮಂಜು ಆರಿ ಬಿಸಿಲು ಬಲಿತ ಹೊತ್ತಿನಲ್ಲಿ. ಅಷ್ಟು ತಾಳ್ಮೆಯಿಲ್ಲದವರು ಟಮಿಯಾದ ಅಕ್ರಿಲಿಕ್ ಬಣ್ಣವನ್ನು, ಅಂದರೆ ಎಕ್ಸ್‌ಎಫ್-62 ಎಂಬ ಸೇನಾ ಹಸಿರನ್ನು, ಅದರದೇ ಥಿನ್ನರಿನಲ್ಲಿ ತೆಳುವಾಗಿಸಿ ಕುಂಚದಿಂದ ಎರಡು ಮೂರು ಪದರ ಬಳಿಯಬಹುದು. ತೇವದಲ್ಲಿ ಅದು ಒಣಗಲು ತಡವಾಗುತ್ತದೆ, ಮುಟ್ಟಿದರೆ ಬೆರಳಚ್ಚು ಉಳಿಯುತ್ತದೆ. ಪ್ರತಿ ಪದರಕ್ಕೂ ನಡುವೆ ಒಂದು ಇಡೀ ದಿನ ಬಿಡಿ. ಡೆಕಾಲ್ ಹಾಳೆಯನ್ನು ಅಲ್ಲಿಯವರೆಗೆ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡುವುದು ನಮ್ಮಲ್ಲಿ ಕಡ್ಡಾಯ.

ನಾನು ಅಮೆರಿಕದ ಸೇನೆಯ ಬಿಳಿ ನಕ್ಷತ್ರಗಳನ್ನು ಅಂಟಿಸಲಿಲ್ಲ. ಯುದ್ಧದ ತರುವಾಯ ಹರಾಜಿನಲ್ಲಿ ಯಾರೋ ಕೊಂಡು ತೋಟದ ಮನೆಗೆ ತಂದ ಜೀಪೊಂದನ್ನು ಕಲ್ಪಿಸಿಕೊಂಡು, ಸಲಿಕೆ ಕೊಡಲಿಗಳನ್ನು ಬಿಟ್ಟು, ಕಪ್ಪು ಹಲಗೆಯ ಮೇಲೆ ಬಿಳಿ ಅಕ್ಷರದ ಹಳೆಯ ನಂಬರ್ ಪ್ಲೇಟನ್ನು ಒಂದೂವರೆ ಸೆಂಟಿಮೀಟರಿಗಿಂತ ಕಿರಿದಾಗಿ ಮುದ್ರಿಸಿ ಅಂಟಿಸಿದೆ. ಮೇಲ್ಹೊದಿಕೆಗೆ ತೆಳು ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿ ಹೊದಿಸಿದರೆ ಟಾರ್ಪಾಲಿನ ಮಡಿಕೆಗಳು ತಾವಾಗಿ ಬೀಳುತ್ತವೆ. ಕೆಸರಿಗಾಗಿ ಅಂಗಳದ ಕೆಮ್ಮಣ್ಣನ್ನೇ ಬಳಸಿದೆ. ಮೊದಲ ಸಲ ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದ ಮಣ್ಣು ತೀರ ಒರಟಾಗಿ ಕಂಡಿತು: ಒಂದು ಮಿಲಿಮೀಟರಿನ ಕಣ ಈ ಅಳತೆಯಲ್ಲಿ ಮೂರೂವರೆ ಸೆಂಟಿಮೀಟರಿನ ಜಲ್ಲಿಕಲ್ಲಾಗುತ್ತದೆ. ಹಳೆಯ ಪಂಚೆಯ ಬಟ್ಟೆಯಲ್ಲಿ ಮತ್ತೆ ಸೋಸಿ, ಬಂದ ಹುಡಿಯನ್ನು ಚಕ್ರದ ಮೇಲಿನ ಕಮಾನಿನೊಳಗೆ, ಸ್ಪ್ರಿಂಗಿನ ಸಂದಿಗೆ, ಟಯರಿನ ಅಚ್ಚಿಗೆ ತುಂಬಿದಾಗ ಅದು ಕೊಪ್ಪದ ರಸ್ತೆಯಿಂದ ಈಗಷ್ಟೇ ಬಂದು ನಿಂತಂತಾಯಿತು. ಅಂಗಡಿಯ ಬಣ್ಣದ ಪುಡಿ ಇಷ್ಟು ನಿಜವಾಗಿ ಬರುತ್ತಿರಲಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಕೊಳ್ಳುವ ದಾರಿ ಸುಲಭವಲ್ಲ. ಶಿವಮೊಗ್ಗದ ಗಾಂಧಿ ಬಜಾರು, ದುರ್ಗಿಗುಡಿಯ ಆಟಿಕೆ ಅಂಗಡಿಗಳಲ್ಲಿ ನಾನು ವಿಚಾರಿಸಿದಾಗ ಡೈಕಾಸ್ಟ್, ಅಂದರೆ ಲೋಹದಲ್ಲಿ ಅಚ್ಚುಹಾಕಿದ ಸಿದ್ಧ ಕಾರುಗಳು ಸಿಕ್ಕವೇ ಹೊರತು ಕಟ್ಟುವ ಕಿಟ್ ಸಿಗಲಿಲ್ಲ. ಆನ್‌ಲೈನಿನಲ್ಲಿ ತರಿಸಿದ್ದಕ್ಕೆ ಅಂಚೆವೆಚ್ಚ ಸೇರಿ ಸುಮಾರು 2,000 ರೂಪಾಯಿ ಆಯಿತು. ಕೊರಿಯರಿನವರು ಮಳೆಯಲ್ಲಿ ತಂದ ಪೆಟ್ಟಿಗೆಯ ಒಂದು ಮೂಲೆ ನೆನೆದು ಜಜ್ಜಿ, ಗಾಜಿನ ಚೌಕಟ್ಟು ಬುಡದಲ್ಲಿ ಮುರಿದಿತ್ತು. ಸಿಮೆಂಟಿನಿಂದ ಕೂಡಿಸಿದ ಗುರುತು ಹತ್ತಿರದಿಂದ ನೋಡಿದರೆ ಇಂದಿಗೂ ಕಾಣುತ್ತದೆ. ಹೀಗಾಗಿ ಆಷಾಢ ಶ್ರಾವಣದಲ್ಲಿ ತರಿಸಬೇಡಿ, ತರಿಸಲೇಬೇಕಾದರೆ ಪ್ಲಾಸ್ಟಿಕ್ ಸುತ್ತಿ ಕಳುಹಿಸುವಂತೆ ಮಾರುವವರಿಗೆ ಮೊದಲೇ ತಿಳಿಸಿ.

ಹನ್ನೆರಡು ದಾಟಿದ ಮಕ್ಕಳು ದೊಡ್ಡವರ ಜೊತೆ ಕುಳಿತು ಇದನ್ನು ಕಟ್ಟಬಹುದು, ಕಿಟಕಿ ತೆರೆದಿರಬೇಕು, ಸಿಮೆಂಟಿನ ವಾಸನೆ ತಲೆಗೆ ಹತ್ತುತ್ತದೆ. ಗೇರು ಕೋಲುಗಳಂಥ ಸಣ್ಣ ಭಾಗಗಳು ನಿಪ್ಪರಿನಿಂದ ಚಿಮ್ಮಿ ಹೋದರೆ ಕೆಂಪು ಗಾರೆಯ ನೆಲದಲ್ಲಿ ಹುಡುಕುವುದು ಕಷ್ಟ. ಒಂದು ಬಿಳಿ ಪಂಚೆಯನ್ನು ಮಡಿಲ ಮೇಲೆ ಹಾಸಿಕೊಳ್ಳಿ. ಕಿಟ್ಟಿನ ಜೊತೆಗೆ ತೆಳು ಸಿಮೆಂಟಿನ ಒಂದು ಬಾಟಲಿ, ಒಂದು ನಿಪ್ಪರು, 400, 600 ಮತ್ತು 1000 ನಂಬರಿನ ಪಾಲಿಶ್ ಪೇಪರು ತರಿಸಿಕೊಂಡರೆ ಮಳೆಗಾಲ ಮುಗಿಯುವ ತನಕ ಬೇರೇನೂ ಬೇಕಾಗುವುದಿಲ್ಲ. ದೊಡ್ಡಪ್ಪ ಮೊನ್ನೆ ಬಂದವರು ಹಿಂಬದಿಯಲ್ಲಿ ಎರಡು ಅಡಿಕೆ ಮೂಟೆ ಬೇಕೆಂದು ಹೇಳಿಹೋಗಿದ್ದಾರೆ. ಗೋಣಿತಾಟಿನ ನೇಯ್ಗೆ ಈ ಅಳತೆಗೆ ದಪ್ಪವಾಗುವುದರಿಂದ ಗಾಯಕ್ಕೆ ಸುತ್ತುವ ಗಾಜ್ ಬಟ್ಟೆಯನ್ನು ಚಹಾದ ನೀರಿನಲ್ಲಿ ಅದ್ದಿ ಒಣಗಲು ಹಾಕಿದ್ದೇನೆ.