ಅರ್ಥಶಾಸ್ತ್ರ ಎಂ.ಎ.ಗೆ ಸಿಯುಇಟಿ, ಜ್ಯಾಮ್, ಐಎಸ್‌ಐ: ಮೂರನ್ನೂ ಬಿಡಿಸಿ ನೋಡಿದ ಮೇಲೆ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಕಾಲೇಜುಗಳಲ್ಲಿ ಬಿ.ಎ. ಓದುತ್ತಿರುವವರು ಅರ್ಥಶಾಸ್ತ್ರದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಮಾಡಲು ಕೇಂದ್ರೀಯ ಸಂಸ್ಥೆಗಳಿಗೆ ಅರ್ಜಿ ಹಾಕುವುದಾದರೆ ಮೂರು ಪರೀಕ್ಷೆಗಳ ಹೆಸರು ಪದೇ ಪದೇ ಕಿವಿಗೆ ಬೀಳುತ್ತವೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಸಿಯುಇಟಿ ಪಿಜಿ, ಐಐಟಿಗಳ ಜ್ಯಾಮ್, ಭಾರತೀಯ ಸಾಂಖ್ಯಿಕ ಸಂಸ್ಥೆಯ, ಅಂದರೆ ಐಎಸ್‌ಐನ, ಎಂ.ಎಸ್.ಕ್ಯು.ಇ. (ಪರಿಮಾಣಾತ್ಮಕ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ) ಪ್ರವೇಶ ಪರೀಕ್ಷೆ. ಮೂರಕ್ಕೂ ಅರ್ಜಿ ಹಾಕಿ ಮೂರಕ್ಕೂ ಅಷ್ಟಷ್ಟು ಓದುವವರೇ ಹೆಚ್ಚು. ಹೀಗೆ ಓದಿದರೆ ಯಾವುದೂ ಕೈಗೆ ಹತ್ತುವುದಿಲ್ಲ. ಮೂರರ ಹಳೆಯ ಪತ್ರಿಕೆಗಳನ್ನು ಗಡಿಯಾರ ಮುಂದಿಟ್ಟುಕೊಂಡು ಬಿಡಿಸಿ ನೋಡಿದ ಮೇಲೆ ನಮಗೆ ಖಚಿತವಾದದ್ದು ಇದು: ಬರೆಯುವುದು ಸಿಯುಇಟಿ ಒಂದೇ ಆದರೂ ಓದು ಮಾತ್ರ ಜ್ಯಾಮ್ ಪಠ್ಯಕ್ರಮದ ಮೇಲೆ ನಡೆಯಬೇಕು. ಐಎಸ್‌ಐ ಬೇಕೆನ್ನುವವರು ಅದನ್ನು ಪ್ರತ್ಯೇಕವಾಗಿ, ಮೊದಲೇ ನಿರ್ಧರಿಸಿ ಹೊರಡಬೇಕು.

ಮೊದಲು ಪತ್ರಿಕೆಗಳ ಮೈಕಟ್ಟು ನೋಡೋಣ. ಸಿಯುಇಟಿ ಪಿಜಿಯನ್ನು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ (ಎನ್‌ಟಿಎ) ನಡೆಸುತ್ತದೆ. 2025ರಲ್ಲಿ 75 ಪ್ರಶ್ನೆ, 90 ನಿಮಿಷ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಒಂದು ಪ್ರಶ್ನೆಗೆ 72 ಸೆಕೆಂಡು ಬರುತ್ತದೆ. 2024ರಲ್ಲಿ ಇಷ್ಟೇ ಪ್ರಶ್ನೆಗಳಿಗೆ 105 ನಿಮಿಷ ಇತ್ತು. ಆ ಸಮಯ ಇಟ್ಟುಕೊಂಡ ಹಳೆಯ ಮಾದರಿ ಪರೀಕ್ಷೆಗಳು ಇನ್ನೂ ಓಡಾಡುತ್ತಿವೆ, ಅವುಗಳ ಮೇಲೆ ಅಭ್ಯಾಸ ಮಾಡಿದವರಿಗೆ ನಿಜವಾದ ಪರೀಕ್ಷೆಯಲ್ಲಿ ಕೊನೆಯ ಹತ್ತು-ಹನ್ನೊಂದು ಪ್ರಶ್ನೆಗಳ ಮುಖವೇ ಕಾಣುವುದಿಲ್ಲ. ಕ್ಯಾಲ್ಕುಲೇಟರ್ ಇಲ್ಲ, ಆದ್ದರಿಂದ ಅಂಕಿಗಳು ಸುಲಭವಾಗಿ ಭಾಗವಾಗುವಂತೆಯೇ ಇರುತ್ತವೆ. ನಿಮ್ಮ ಲೆಕ್ಕದಲ್ಲಿ ಗೋಜಲು ದಶಮಾಂಶ ಬಂತೆಂದರೆ ಎಲ್ಲೋ ತಪ್ಪಿದೆ ಎಂದೇ ತಿಳಿಯಬಹುದು.

ಜ್ಯಾಮ್‌ನಲ್ಲಿ ಅರ್ಥಶಾಸ್ತ್ರದ ಪತ್ರಿಕೆ ಸೇರಿದ್ದು 2021ರಲ್ಲಿ. ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಮೊದಲ ಭಾಗದ 30 ಪ್ರಶ್ನೆಗಳಲ್ಲಿ ನಾಲ್ಕರಲ್ಲಿ ಒಂದೇ ಸರಿ. ಅವುಗಳಲ್ಲಿ 10ಕ್ಕೆ ಒಂದೊಂದು ಅಂಕ, 20ಕ್ಕೆ ಎರಡೆರಡು, ತಪ್ಪಿದರೆ ಆ ಅಂಕದ ಮೂರನೇ ಒಂದು ಭಾಗ ಕಡಿತ. ಎರಡನೆಯ ಭಾಗದ 10 ಪ್ರಶ್ನೆಗಳಿಗೆ ಒಂದಕ್ಕಿಂತ ಹೆಚ್ಚು ಸರಿ ಉತ್ತರ ಇರಬಹುದು. ಎಲ್ಲವನ್ನೂ ಗುರುತಿಸಿದರೆ ಎರಡು ಅಂಕ, ಒಂದು ಬಿಟ್ಟರೂ ಸೊನ್ನೆ, ಆದರೆ ಕಡಿತ ಇಲ್ಲ. ಮೂರನೆಯ ಭಾಗದ 20 ಪ್ರಶ್ನೆಗಳಿಗೆ ಆಯ್ಕೆಗಳೇ ಇಲ್ಲ; ಉತ್ತರದ ಸಂಖ್ಯೆಯನ್ನು ನೀವೇ ಟೈಪ್ ಮಾಡಬೇಕು. ಪರದೆಯ ಮೇಲೆ ಒಂದು ಕ್ಯಾಲ್ಕುಲೇಟರ್ ಕೊಡುತ್ತಾರೆ, ಅದನ್ನು ಮೌಸ್‌ನಿಂದ ಒತ್ತಬೇಕು. ಕೈಯಲ್ಲಿ ಹಿಡಿಯುವ ಕ್ಯಾಲ್ಕುಲೇಟರ್‌ಗೆ ಒಗ್ಗಿದವರು ಇಲ್ಲಿ ಲೆಕ್ಕಕ್ಕೆ ಅರ್ಧ ನಿಮಿಷ ಹೆಚ್ಚು ಕಳೆಯುತ್ತಾರೆ. ಮನೆಯಲ್ಲೂ ಕಂಪ್ಯೂಟರ್ ಪರದೆಯ ಕ್ಯಾಲ್ಕುಲೇಟರ್‌ನಲ್ಲೇ ಅಭ್ಯಾಸ ಮಾಡಿ.

ಐಎಸ್‌ಐ ಪರೀಕ್ಷೆಯ ದಾರಿಯೇ ಬೇರೆ. ಮೊದಲ ಪತ್ರಿಕೆ ಬಹು ಆಯ್ಕೆಯದ್ದು, ಬಹುಪಾಲು ಶುದ್ಧ ಗಣಿತ. ಎರಡನೆಯದು ಅರ್ಥಶಾಸ್ತ್ರ, ಆದರೆ ಹಂತ ಹಂತವಾಗಿ ಬರೆದು ಸಾಧಿಸಿ ತೋರಿಸಬೇಕಾದದ್ದು.

ಒಂದೇ ಲೆಕ್ಕವನ್ನು ಮೂರೂ ಕಡೆ ಹೇಗೆ ಕೇಳುತ್ತಾರೆ ಎಂಬುದನ್ನು ನೋಡಿದರೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಒಂದು ಮನೆಯ ಆದಾಯ 3,600 ರೂಪಾಯಿ. ಕೊಳ್ಳುವುದು ಎರಡೇ ವಸ್ತು: ಜೋಳ ಕಿಲೋಗೆ 40 ರೂಪಾಯಿ, ತೊಗರಿ ಬೇಳೆ ಕಿಲೋಗೆ 120. ತುಷ್ಟಿಗುಣ ಫಲನ, ಅಂದರೆ ತೃಪ್ತಿಯನ್ನು ಅಳೆಯುವ ಸೂತ್ರ, ಕಾಬ್-ಡಗ್ಲಸ್ ಮಾದರಿಯದ್ದು: ಎರಡು ವಸ್ತುಗಳ ಪ್ರಮಾಣವನ್ನು ತಂತಮ್ಮ ಘಾತಕ್ಕೆ ಏರಿಸಿ ಗುಣಿಸಿದ್ದು. ಜೋಳದ ಘಾತ ಮೂರನೇ ಒಂದು, ಬೇಳೆಯ ಘಾತ ಮೂರನೇ ಎರಡು.

ಸಿಯುಇಟಿ ಕೇಳುವುದು: ಜೋಳ ಎಷ್ಟು ಕಿಲೋ ಕೊಳ್ಳುತ್ತಾರೆ? ಘಾತಗಳ ಮೊತ್ತ ಒಂದಾಗಿದ್ದರೆ ಘಾತವೇ ಖರ್ಚಿನ ಪಾಲು ಎಂಬುದು ಗೊತ್ತಿದ್ದವರು 3,600ರ ಮೂರನೇ ಒಂದು 1,200, ಅದನ್ನು 40ರಿಂದ ಭಾಗಿಸಿದರೆ 30 ಎಂದು ಹದಿನೈದು ಸೆಕೆಂಡಿನಲ್ಲಿ ಮುಗಿಸುತ್ತಾರೆ. ಬಜೆಟ್ ಮಿತಿಯೊಳಗೆ ಗರಿಷ್ಠ ತೃಪ್ತಿ ಹುಡುಕುವ ಲಗ್ರಾಂಜ್ ವಿಧಾನ ಹಿಡಿದು ಮೊದಲಿನಿಂದ ಹೊರಟವರಿಗೆ ಎರಡು ನಿಮಿಷ ಬೇಕು. ಉತ್ತರ ಇಬ್ಬರದೂ ಸರಿಯೇ, ಆದರೆ ಎರಡನೆಯವರು ಮುಂದಿನ ಪ್ರಶ್ನೆಯ ಸಮಯವನ್ನೂ ತಿಂದಿರುತ್ತಾರೆ.

ಜ್ಯಾಮ್ ಅಲ್ಲಿಗೆ ನಿಲ್ಲಿಸುವುದಿಲ್ಲ. ಜೋಳದ ಬೆಲೆ 80 ಆಯಿತು, ಮನೆಯವರು ಮೊದಲಿನಷ್ಟೇ ತೃಪ್ತಿಯಲ್ಲಿರಲು ಎಷ್ಟು ಹೆಚ್ಚುವರಿ ಹಣ ಬೇಕು, ಎರಡು ದಶಮಾಂಶ ಸ್ಥಾನಕ್ಕೆ ಬರೆಯಿರಿ ಎನ್ನುತ್ತದೆ. ಬೆಲೆ ಎರಡು ಪಟ್ಟಾದಾಗ ಅದೇ ತೃಪ್ತಿಗೆ ಬೇಕಾದ ಖರ್ಚು 2ರ ಘನಮೂಲದಷ್ಟು ಪಟ್ಟು, ಅಂದರೆ 1.259921 ಪಟ್ಟು ಏರುತ್ತದೆ. ಹೆಚ್ಚುವರಿ ಹಣ 935.72 ರೂಪಾಯಿ. ಇಲ್ಲಿ ಎರಡು ಕಡೆ ಜಾರುತ್ತಾರೆ. ಮೊದಲನೆಯದು, ಹಳೆಯ ಬುಟ್ಟಿಯನ್ನೇ ಮತ್ತೆ ಕೊಳ್ಳಲು ಎಷ್ಟು ಬೇಕೆಂದು ಲೆಕ್ಕ ಹಾಕುವುದು: 30 ಕಿಲೋ ಜೋಳ, 20 ಕಿಲೋ ಬೇಳೆ ಹೊಸ ಬೆಲೆಯಲ್ಲಿ 4,800 ಆಗುತ್ತದೆ, ಹೆಚ್ಚುವರಿ 1,200. ಇದು ಸ್ಲಟ್ಸ್‌ಕಿ ಪರಿಹಾರ. ಕೇಳಿದ್ದು ಹಿಕ್ಸ್ ಪರಿಹಾರ. ಆಯ್ಕೆಗಳ ಪ್ರಶ್ನೆಯಾದರೆ ಎರಡೂ ಕಣ್ಣಿಗೆ ಬಿದ್ದು ಅನುಮಾನ ಹುಟ್ಟುತ್ತಿತ್ತು, ಇಲ್ಲಿ ಹಾಗೆ ಎಚ್ಚರಿಸುವವರಿಲ್ಲ. ಎರಡನೆಯದು, ಘನಮೂಲವನ್ನು ನಡುವೆಯೇ 1.26 ಎಂದು ಕತ್ತರಿಸುವುದು. ಆಗ ಉತ್ತರ 936.00 ಬರುತ್ತದೆ, ಕೇಳಿದ ನಿಖರತೆಗೆ ಅದು ತಪ್ಪು. ಸಂಖ್ಯೆಯನ್ನು ಕೊನೆಯ ಹೆಜ್ಜೆಯವರೆಗೂ ಪೂರ್ತಿ ಇಟ್ಟುಕೊಳ್ಳಬೇಕು, ಬರೆಯುವಾಗ ಮಾತ್ರ ಹತ್ತಿರದ ಎರಡು ದಶಮಾಂಶ ಸ್ಥಾನಕ್ಕೆ ತರಬೇಕು.

ಐಎಸ್‌ಐ ಎರಡನೆಯ ಪತ್ರಿಕೆಯ ರೀತಿಯಲ್ಲಿ ಕೇಳಿದರೆ ಹೀಗಿರುತ್ತದೆ: ಜೋಳವನ್ನು ಪಡಿತರದಲ್ಲಿ ಮಾತ್ರ ಕೊಡುತ್ತಾರೆ, ಒಂದು ಮನೆಗೆ 20 ಕಿಲೋಗಿಂತ ಹೆಚ್ಚಿಲ್ಲ. ಪ್ರತಿಯೊಂದು ಆದಾಯ ಮಟ್ಟದಲ್ಲೂ ಎರಡೂ ವಸ್ತುಗಳ ಬೇಡಿಕೆ ಏನು? ಈಗ ಸೂತ್ರ ಒಂದೇ ಸಾಲದು. ಮಿತಿ ಇಲ್ಲದಿದ್ದರೆ ಜೋಳದ ಬೇಡಿಕೆ ಆದಾಯದ 120ನೇ ಒಂದು ಭಾಗ. ಅದು 20 ಮುಟ್ಟುವುದು ಆದಾಯ 2,400 ಆದಾಗ. ಅಲ್ಲಿಯವರೆಗೆ ಜೋಳ ಆದಾಯದ 120ನೇ ಒಂದು, ಬೇಳೆ 180ನೇ ಒಂದು ಭಾಗ. ಅದರ ಮೇಲೆ ಜೋಳ 20ಕ್ಕೇ ನಿಲ್ಲುತ್ತದೆ. ಆದಾಯದಿಂದ 800 ಕಳೆದು 120ರಿಂದ ಭಾಗಿಸಿದಷ್ಟು ಬೇಳೆ. 2,400ರಲ್ಲಿ ಎರಡೂ ಸೂತ್ರಗಳು ಬೇಳೆಗೆ 13.33 ಎಂಬ ಒಂದೇ ಉತ್ತರ ಕೊಡುತ್ತವೆ ಎಂದು ತಾಳೆ ನೋಡಿ ಬರೆಯಬೇಕು. ಬಜೆಟ್ ರೇಖೆಯನ್ನೂ ಎಳೆಯಬೇಕು: ಜೋಳವನ್ನು ಅಡ್ಡ ಅಕ್ಷದಲ್ಲಿಟ್ಟರೆ ರೇಖೆ 20ರವರೆಗೆ ಇಳಿಜಾರಾಗಿ ಬಂದು ಅಲ್ಲಿಂದ ನೇರ ಕೆಳಗೆ ಬೀಳುತ್ತದೆ. ನಮ್ಮ ಕಡೆಯ ವಿದ್ಯಾರ್ಥಿಗಳು ಎಡವುವುದು ಗಣಿತ ಬಾರದೆ ಅಲ್ಲ. ಸಂದರ್ಭಗಳನ್ನು ಬೇರ್ಪಡಿಸಿ, ಪ್ರತಿಯೊಂದಕ್ಕೂ ಕಾರಣ ಬರೆಯುವ ರೂಢಿ ಇರುವುದಿಲ್ಲ. ಬಿ.ಎ.ಯಲ್ಲಿ ಹತ್ತು ಅಂಕದ ಪ್ರಶ್ನೆಗೆ ಪೀಠಿಕೆ, ಅರ್ಥ, ಲಕ್ಷಣ, ಉಪಸಂಹಾರ ಎಂದು ಬರೆದ ಕೈಗೆ ಇದು ಹೊಸದು. ಓದಿ ಕಲಿಯುವುದೂ ಅಲ್ಲ, ಬರೆದು ಬರೆದು ಯಾರಿಗಾದರೂ ತೋರಿಸಿ ತಿದ್ದಿಸಿಕೊಳ್ಳಬೇಕು.

ಈ ಮೂರನ್ನು ಪಕ್ಕಪಕ್ಕಕ್ಕೆ ಇಟ್ಟು ನೋಡಿದರೆ ಜ್ಯಾಮ್ ಏಕೆ ಬೆನ್ನೆಲುಬಾಗಬೇಕು ಎಂಬುದು ಸ್ಪಷ್ಟ. ಜ್ಯಾಮ್ ಲೆಕ್ಕ ಬಂದವರಿಗೆ ಸಿಯುಇಟಿಯದ್ದಕ್ಕೆ ಬೇಕಾದ್ದು ವೇಗ ಮಾತ್ರ, ಅದು ಕೊನೆಯ ಐದಾರು ವಾರಗಳ ಕೆಲಸ. ಸಿಯುಇಟಿಗೆಂದೇ ಓದಿದವರು ಜ್ಯಾಮ್‌ಗೆ ಹೋದರೆ ಆಯ್ಕೆಗಳಿಲ್ಲದ 20 ಪ್ರಶ್ನೆಗಳ ಮುಂದೆ ಕೈಕಟ್ಟಿ ಕೂರಬೇಕಾಗುತ್ತದೆ. ಆಯ್ಕೆಗಳನ್ನು ಹಿಂದಿನಿಂದ ಹಾಕಿ ನೋಡುವ ಜಾಣತನ ಅಲ್ಲಿ ನಡೆಯುವುದಿಲ್ಲ. ನಿಮಗೆ ವಿಷಯ ಬರುತ್ತದೋ ಇಲ್ಲವೋ ಎಂದು ನಿಮಗೇ ಹೇಳುವ ಭಾಗ ಅದು.

ಊಹೆಯ ಲೆಕ್ಕವೂ ಎರಡು ಕಡೆ ಬೇರೆ. ಸಿಯುಇಟಿಯಲ್ಲಿ ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಒತ್ತಿದರೂ ಸರಾಸರಿ 0.25 ಅಂಕ ಲಾಭ. ಒಂದನ್ನು ತೆಗೆದುಹಾಕಿ ಒತ್ತಿದರೆ 0.67. ಖಾಲಿ ಬಿಡುವುದಕ್ಕೆ ಅರ್ಥವೇ ಇಲ್ಲ. ಜ್ಯಾಮ್ ಮೊದಲ ಭಾಗದಲ್ಲಿ ಕುರುಡು ಊಹೆಯ ಸರಾಸರಿ ಸರಿಯಾಗಿ ಸೊನ್ನೆ, ಒಂದು ಆಯ್ಕೆ ತೆಗೆದ ಮೇಲೆ ಎರಡು ಅಂಕದ ಪ್ರಶ್ನೆಗೆ 0.22. ಎರಡನೆಯ, ಮೂರನೆಯ ಭಾಗಗಳಲ್ಲಿ ಕಡಿತ ಇಲ್ಲದ ಕಾರಣ ಏನನ್ನೂ ಬಿಡಬಾರದು, ಆದರೆ ಅಲ್ಲಿ ಊಹೆಯಿಂದ ಸಿಗುವುದೂ ಅಷ್ಟಕ್ಕಷ್ಟೇ: ನಾಲ್ಕು ಆಯ್ಕೆಗಳಿಂದ 15 ಜೋಡಣೆ ಸಾಧ್ಯ, ಸರಿ ಇರುವುದು ಒಂದು.

ಗಣಿತದ ಮಾತಿಗೆ ಬಂದರೆ, ಈ ಭಾಗದ ಇತಿಹಾಸ-ಅರ್ಥಶಾಸ್ತ್ರ-ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು ಎಸ್ಸೆಸ್ಸೆಲ್ಸಿ ನಂತರ ಗಣಿತ ಮುಟ್ಟಿರುವುದಿಲ್ಲ. ಅದಕ್ಕೆ ಹೆದರಿ ಜ್ಯಾಮ್ ಬಿಡಬೇಕಿಲ್ಲ. ಎರಡು ದಾರಿಗಳನ್ನು ಹೋಲಿಸಿ ನೋಡಿದ್ದೇವೆ. ‘ಅರ್ಥಶಾಸ್ತ್ರಜ್ಞರಿಗೆ ಗಣಿತ’ ಎಂಬ ಬಗೆಯ ದಪ್ಪ ಇಂಗ್ಲಿಷ್ ಪುಸ್ತಕದಿಂದ ನೇರವಾಗಿ ಶುರು ಮಾಡುವುದು ಒಂದು. ಎನ್‌ಸಿಇಆರ್‌ಟಿಯ 11, 12ನೇ ತರಗತಿಯ ಗಣಿತ ಮುಗಿಸಿ ಆಮೇಲೆ ಆ ಪುಸ್ತಕಕ್ಕೆ ಹೋಗುವುದು ಇನ್ನೊಂದು. ಎರಡನೆಯದು ನಿಧಾನ ಎನಿಸುತ್ತದೆ, ಆದರೆ ಅದೇ ಬೇಗ ಮುಟ್ಟಿಸುತ್ತದೆ. ದಪ್ಪ ಪುಸ್ತಕಗಳು ಅವಕಲನ ಬರುತ್ತದೆ ಎಂದುಕೊಂಡೇ ಬರೆದವು. ಎರಡನೆಯ ಅಧ್ಯಾಯಕ್ಕೇ ಓದುವವರು ನಿಂತುಬಿಡುತ್ತಾರೆ. ಎನ್‌ಸಿಇಆರ್‌ಟಿ ಪುಸ್ತಕಗಳು ಅದರ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ, ಪ್ರತಿ ಲೆಕ್ಕಕ್ಕೂ ಉತ್ತರ ಹಿಂದೆ ಇದೆ. ಫಲನ, ಶ್ರೇಣಿ, ಮಿತಿ, ಮಾತೃಕೆ, ನಿರ್ಧಾರಕ, ಅವಕಲನ ಮತ್ತು ಅದರ ಅನ್ವಯ, ಅನುಕಲನ, ಅವಕಲ ಸಮೀಕರಣ, ರೇಖಾತ್ಮಕ ಪ್ರೋಗ್ರಾಮಿಂಗ್, ಸಂಭವನೀಯತೆ ಸಾಕು. ವೆಕ್ಟರ್, ಮೂರು ಆಯಾಮದ ರೇಖಾಗಣಿತ ಬಿಡಬಹುದು. ದಿನಕ್ಕೆ ಎರಡು ಗಂಟೆ ಇಟ್ಟರೆ ನಾಲ್ಕು ತಿಂಗಳ ಕೆಲಸ. ಐಎಸ್‌ಐ ಮೊದಲ ಪತ್ರಿಕೆಗೆ ಮಾತ್ರ ಇಷ್ಟು ಸಾಲದು: ಎಣಿಕೆಯ ಲೆಕ್ಕ, ಅಸಮಾನತೆ, ಬಹುಪದಗಳಲ್ಲಿ ಕೈ ಪಳಗಿರಬೇಕು, ಸಂಸ್ಥೆಯೇ ಹೊರಡಿಸಿದ ಹಳೆಯ ಪತ್ರಿಕೆಗಳನ್ನು ಬಿಡಿಸಬೇಕು.

ಭಾರತದ ಅರ್ಥವ್ಯವಸ್ಥೆ ಎಂಬ ಭಾಗಕ್ಕೆ ಜನ ಸುಮ್ಮನೆ ತಿಂಗಳುಗಟ್ಟಲೆ ಕಳೆಯುತ್ತಾರೆ. ಅಂಕಿಗಳನ್ನು ಕಂಠಪಾಠ ಮಾಡುವುದಕ್ಕಿಂತ ಒಂದೊಂದು ನೀತಿಯನ್ನು ರೇಖಾಚಿತ್ರದಲ್ಲಿ ಇಟ್ಟು ನೋಡುವುದು ಲಾಭ. ತೊಗರಿಯ ಬೆಂಬಲ ಬೆಲೆಯನ್ನೇ ತೆಗೆದುಕೊಳ್ಳಿ: 2024-25ಕ್ಕೆ ಕ್ವಿಂಟಲ್‌ಗೆ 7,550, 2025-26ಕ್ಕೆ 8,000 ರೂಪಾಯಿ. ಮಾರುಕಟ್ಟೆಯ ಸಮತೋಲನ ಬೆಲೆ ಇದಕ್ಕಿಂತ ಕೆಳಗಿದ್ದರೆ ಸರಕಾರ ಎಷ್ಟು ಕೊಳ್ಳಬೇಕು, ಖರ್ಚೆಷ್ಟು, ಬೇಡಿಕೆಯ ಸ್ಥಿತಿಸ್ಥಾಪಕತ್ವ ಕಡಿಮೆ ಇದ್ದರೆ ಏನಾಗುತ್ತದೆ, ಸಮತೋಲನ ಬೆಲೆ ಮೇಲಿದ್ದರೆ ಬೆಂಬಲ ಬೆಲೆ ಏಕೆ ನಿಷ್ಕ್ರಿಯ. ಇಷ್ಟು ಮಾಡಿಟ್ಟರೆ ಸಿಯುಇಟಿಯ ವಿಷಯ ಪ್ರಶ್ನೆಗೂ ಜ್ಯಾಮ್‌ನ ಲೆಕ್ಕಕ್ಕೂ ಉತ್ತರ ಸಿಕ್ಕಂತೆಯೇ.

ಸೀಟಿನ ದೃಷ್ಟಿಯಿಂದ ಹರವು ಹೆಚ್ಚಿರುವುದು ಸಿಯುಇಟಿಗೆ. ಆಳಂದ ರಸ್ತೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ದೆಹಲಿ ವಿಶ್ವವಿದ್ಯಾಲಯದ ಎಂ.ಎ.ಗೂ ಇದೇ ಅಂಕ. ದೆಹಲಿ ತನ್ನದೇ ಪರೀಕ್ಷೆ ಬಿಟ್ಟು 2023ರಿಂದ ಇದಕ್ಕೆ ಬಂದಿದೆ. ಆ ವಿಶ್ವವಿದ್ಯಾಲಯದ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಹಳೆಯ ಪತ್ರಿಕೆಗಳನ್ನು ಸಿಯುಇಟಿಗೆಂದು ಬಿಡಿಸಿದರೆ ಮಟ್ಟ ಅಳೆಯಲಾಗದೆ ಧೈರ್ಯ ಕುಂದುತ್ತದೆ, ಜ್ಯಾಮ್‌ಗೆ ಮಾತ್ರ ಅವು ಒಳ್ಳೆಯ ಅಭ್ಯಾಸ. ಜ್ಯಾಮ್ ಅಂಕಕ್ಕೆ ಐಐಟಿ ದೆಹಲಿ, ರೂರ್ಕಿಯ ಎಂ.ಎಸ್ಸಿ. ಇವೆ, ಸೀಟು ಕಡಿಮೆ. ಐಎಸ್‌ಐ ಎಂದರೆ ಕೋಲ್ಕತ್ತ, ದೆಹಲಿ. ಅಲ್ಲಿ ಮಾಸಿಕ ವಿದ್ಯಾರ್ಥಿವೇತನ ಇರುವುದರಿಂದ ಮನೆಯ ಹಣಕಾಸು ಬಿಗಿಯಿರುವ, ಗಣಿತ ಹಿಡಿದಿರುವ ವಿದ್ಯಾರ್ಥಿಗೆ ಅದಕ್ಕಿಂತ ಮೇಲಾದದ್ದು ಇಲ್ಲ ಎಂದೇ ನಮ್ಮ ಅಭಿಪ್ರಾಯ.

ವೇಳಾಪಟ್ಟಿ ಸಾಮಾನ್ಯವಾಗಿ ಹೀಗೆ ಬರುತ್ತದೆ: ಜ್ಯಾಮ್ ಅರ್ಜಿ ಸೆಪ್ಟೆಂಬರ್-ಅಕ್ಟೋಬರ್, ಪರೀಕ್ಷೆ ಫೆಬ್ರವರಿ, ಸಿಯುಇಟಿ ಪರೀಕ್ಷೆ ಮಾರ್ಚ್, ಐಎಸ್‌ಐ ಮೇ. ನಾಲ್ಕನೆಯ ಸೆಮಿಸ್ಟರ್ ಮುಗಿದ ಬೇಸಿಗೆಯಲ್ಲಿ ಗಣಿತ ಶುರು ಮಾಡಿದವರಿಗೆ ಇದು ಹೊಂದುತ್ತದೆ. ಜ್ಯಾಮ್ ಅರ್ಜಿಯ ಹೊತ್ತಿಗೆ ಐದನೆಯ ಸೆಮಿಸ್ಟರ್ ನಡೆದಿರುತ್ತದೆ, ಕಾಲೇಜಿನಲ್ಲಿ ಯಾರೂ ನೆನಪಿಸುವುದಿಲ್ಲ, ಎಷ್ಟೋ ಜನರಿಗೆ ಜ್ಯಾಮ್ ತಪ್ಪುವುದೇ ಹೀಗೆ.

ಮೂರರಲ್ಲೂ ಕನ್ನಡದಲ್ಲಿ ಪ್ರಶ್ನೆ ಬರುವುದಿಲ್ಲ. ಕನ್ನಡ ಮಾಧ್ಯಮದವರು ವಿಷಯವನ್ನು ಕನ್ನಡದಲ್ಲೇ ಅರ್ಥ ಮಾಡಿಕೊಳ್ಳಲಿ, ಆದರೆ ಲೆಕ್ಕಗಳನ್ನು ಮೊದಲ ದಿನದಿಂದಲೇ ಇಂಗ್ಲಿಷ್ ಪ್ರಶ್ನೆಯಿಂದ ಬಿಡಿಸಲಿ.

ಕಾಗದ ಪತ್ರಗಳಲ್ಲಿ ಎರಡು ಗೊಂದಲ ಪ್ರತಿ ವರ್ಷ ಕಾಣುತ್ತವೆ. ರಾಜ್ಯದ ಪ್ರವರ್ಗ ಪ್ರಮಾಣಪತ್ರ ಈ ಪರೀಕ್ಷೆಗಳಿಗೆ ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿ ಇದೆಯೇ ಎಂದು ನೋಡಿ, ಕೇಂದ್ರದ ನಮೂನೆಯಲ್ಲೇ ಕೆನೆಪದರ ರಹಿತ ಪ್ರಮಾಣಪತ್ರವನ್ನು ತಹಶೀಲ್ದಾರ್ ಕಚೇರಿಯಿಂದ ಹೊಸದಾಗಿ ಮಾಡಿಸಿ. ಎರಡನೆಯದು ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯಡಿ ಕೊಡುವ ಪ್ರಮಾಣಪತ್ರ: ಐಐಟಿ, ಐಎಸ್‌ಐಗೆ ಅದರಿಂದ ಉಪಯೋಗವಿಲ್ಲ. ಆದರೆ ಗುಲಬರ್ಗಾ ವಿಶ್ವವಿದ್ಯಾಲಯ, ಬೀದರ್ ವಿಶ್ವವಿದ್ಯಾಲಯ, ಯಾದಗಿರಿಯವರಿಗೆ ಹತ್ತಿರದ ರಾಯಚೂರಿನ ವಿಶ್ವವಿದ್ಯಾಲಯಗಳಲ್ಲಿ ಸ್ಥಳೀಯರಿಗೆ ಮೀಸಲಾದ ಸೀಟುಗಳಿಗೂ, ರಾಜ್ಯದ ಉಳಿದ ಭಾಗದ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಈ ಭಾಗಕ್ಕೆ ಇಟ್ಟ 8 ಶೇಕಡಾ ಪಾಲಿಗೂ ಅದು ಬೇಕೇ ಬೇಕು. ಸಹಾಯಕ ಆಯುಕ್ತರ ಕಚೇರಿಯಿಂದ ಅದನ್ನು ತೆಗೆಸಿಟ್ಟುಕೊಂಡಿರಿ. ಪ್ರವೇಶ ಪರೀಕ್ಷೆಗಳ ಫಲಿತಾಂಶ ಬರುವಷ್ಟರಲ್ಲಿ ಇಲ್ಲಿನ ಎಂ.ಎ. ಅರ್ಜಿಗಳು ಶುರುವಾಗಿ ಆ ಕಚೇರಿಯ ಮುಂದೆ ಸಾಲು ಬೆಳೆದಿರುತ್ತದೆ.